ಮಸಾಯಿ ಮಾರಾಕ್ಕೆ ಗುಂಪಿನಲ್ಲಿ ಸಫಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನ್ಯಾದ ವನ್ಯಜೀವಿ ಮೀಸಲು ಪ್ರದೇಶವಾದ ಮಸಾಯಿ ಮಾರಾ ಹಾಗೂ ಅದಕ್ಕೆ ಅಂಟಿಕೊಂಡೇ ಇರುವ ತಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಗುಂಪಿನಲ್ಲಿ ಹೊರಡುವವರು ನಮ್ಮ ಬಳಗವನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಕೇಳುವವರಲ್ಲಿ ಹೆಚ್ಚಿನವರು ಕಬಿನಿ, ಬಂಡೀಪುರಗಳಲ್ಲಿ ಸಫಾರಿ ಮಾಡಿದವರು. ಹಾಗಾಗಿ ಇಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸವನ್ನು ಬೇಕಾದ ಕಡೆ ಹೇಳಿದ್ದೇವೆ. ಕಡಿಮೆ ಜಾಗಗಳನ್ನು ಆರಿಸಿಕೊಳ್ಳಿ, ಒಂದೊಂದರಲ್ಲೂ ಹೆಚ್ಚು ಹೊತ್ತು ಇರಿ, ಪ್ರಾಣಿಗೆ ದಾರಿ ಬಿಟ್ಟು ನಿಲ್ಲಿ ಎಂಬ ಒತ್ತಾಯ ಹಲವು ಉತ್ತರಗಳಲ್ಲಿ ಮರುಕಳಿಸುತ್ತದೆ. ಅದನ್ನು ಬೇಕೆಂದೇ ಹಾಗೆ ಬರೆದಿದ್ದೇವೆ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಏನನ್ನು ನೋಡುವ ಆಸೆಯಿದೆ ಎಂಬುದನ್ನು ಮೊದಲು ತೀರ್ಮಾನಿಸಿ. ದನದಂಥ ದೊಡ್ಡ ಹುಲ್ಲೆಗಳಾದ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಎರಡು ಲಕ್ಷಕ್ಕೂ ಹೆಚ್ಚು ಜೀಬ್ರಾಗಳು, ಲಕ್ಷಗಟ್ಟಲೆ ಸಣ್ಣ ಹುಲ್ಲೆಗಳಾದ ಗೆಜೆಲ್‌ಗಳು ಮಳೆ ಬಿದ್ದ ಕಡೆ ಚಿಗುರುವ ಹುಲ್ಲನ್ನು ಅರಸುತ್ತ ವರ್ಷವಿಡೀ ಈ ಬಯಲಿನಲ್ಲಿ ಸುತ್ತುತ್ತಲೇ ಇರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಅವು ಸೆರೆಂಗೆಟಿಯ ದಕ್ಷಿಣದ ಎನ್‌ಡುಟು ಬಯಲಿನಲ್ಲಿರುತ್ತವೆ. ಜ್ವಾಲಾಮುಖಿಯ ಬೂದಿ ಬಿದ್ದು ಹದವಾದ ಆ ಮಣ್ಣಿನ ಗಿಡ್ಡ ಹುಲ್ಲಿನಲ್ಲಿ ಸುಣ್ಣ ಮತ್ತು ರಂಜಕದ ಅಂಶ ಹೆಚ್ಚು. ಹಾಲೂಡಿಸುವ ತಾಯಂದಿರಿಗೆ ಅದೇ ಬೇಕು. ಹೆಚ್ಚಿನ ಕರುಗಳು ಫೆಬ್ರವರಿಯ ಆಸುಪಾಸಿನ ಕೆಲವೇ ವಾರಗಳಲ್ಲಿ ಹುಟ್ಟುತ್ತವೆ. ಹುಟ್ಟಿದ ಕೆಲವು ನಿಮಿಷಗಳಲ್ಲಿ ಕರು ಎದ್ದು ನಿಂತು ತಾಯಿಯ ಹಿಂದೆ ಓಡತೊಡಗುತ್ತದೆ. ಮೇ, ಜೂನ್ ಹೊತ್ತಿಗೆ ಹಿಂಡು ಪಶ್ಚಿಮದ ಗ್ರುಮೇಟಿ ನದಿಯತ್ತ ಸರಿದು, ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ದಡಗಳಲ್ಲಿ ಓಡಾಡಿ, ನವೆಂಬರಿನ ಸಣ್ಣ ಮಳೆಗೆ ದಕ್ಷಿಣಕ್ಕೆ ಮರಳುತ್ತದೆ.

ಕರ್ನಾಟಕದ ಕುಟುಂಬಗಳಿಗೆ ಶಾಲೆಯ ಬೇಸಿಗೆ ರಜೆಯಲ್ಲೇ ಹೋಗಿಬರುವ ಆಸೆ ಇರುತ್ತದೆ. ಆದರೆ ಏಪ್ರಿಲ್, ಮೇ ಅಲ್ಲಿ ದೊಡ್ಡ ಮಳೆಗಾಲ. ಅಲ್ಲಿಯ ಕಪ್ಪು ಮಣ್ಣಿನಲ್ಲಿ ವಾಹನ ಹೂತರೆ ಅರ್ಧ ದಿನ ಹೋದಂತೆಯೇ. ದಸರಾ ರಜೆ ಇದಕ್ಕಿಂತ ಎಷ್ಟೋ ಮೇಲು. ಅಕ್ಟೋಬರಿನಲ್ಲಿ ಹಿಂಡುಗಳು ಸಾಮಾನ್ಯವಾಗಿ ಇನ್ನೂ ಮಾರಾದಲ್ಲೇ ಇರುತ್ತವೆ, ಆಗಸ್ಟಿನ ಜನಜಂಗುಳಿ ಇಳಿದಿರುತ್ತದೆ. ಮಕ್ಕಳ ರಜೆಯ ಹಂಗಿಲ್ಲದವರಿಗೆ ಜನವರಿ, ಫೆಬ್ರವರಿ ಅಥವಾ ಜೂನ್ ಸೂಚಿಸುತ್ತೇವೆ. ವಲಸೆ ಹೋಗದ ಸಿಂಹ, ಚಿರತೆ, ಆನೆ, ಜಿರಾಫೆ, ಕತ್ತೆಕಿರುಬಗಳು ಮಾರಾದಲ್ಲಿ ವರ್ಷವಿಡೀ ಇರುತ್ತವೆ.

ವೈಲ್ಡ್‌ಬೀಸ್ಟ್‌ಗಳು ನದಿ ದಾಟುವುದನ್ನು ಖಂಡಿತ ನೋಡಬಹುದೇ?

ಖಂಡಿತ ಎಂದು ಯಾರಾದರೂ ಮಾತು ಕೊಟ್ಟರೆ ಅವರ ಜೊತೆ ಹೋಗಬೇಡಿ. ಇಂದು ದಾಟುತ್ತವೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಸಾವಿರಾರು ಪ್ರಾಣಿಗಳು ದಡಕ್ಕೆ ಬಂದು ಸೇರುತ್ತವೆ, ದೂಳು ಏಳುತ್ತದೆ, ಗಂಟಲಿನಿಂದ ಬರುವ ಅವುಗಳ ಗೂಂ ಗೂಂ ಸದ್ದು ಬಯಲನ್ನೆಲ್ಲ ತುಂಬುತ್ತದೆ. ಒಂದು ಜೀಬ್ರಾ ಕಡಿದಾದ ದಡವನ್ನು ಇಳಿದು ನೀರನ್ನು ಮೂಸಿ, ಕಿವಿ ನಿಮಿರಿಸಿ ನಿಲ್ಲುತ್ತದೆ. ಹಿಂದಿನವು ಒತ್ತುತ್ತವೆ. ಇನ್ನೇನು ಧುಮುಕಬೇಕು ಎನ್ನುವಾಗ ಎಲ್ಲವೂ ಒಮ್ಮೆಲೇ ತಿರುಗಿ ಮೇಲಕ್ಕೆ ಓಡುತ್ತವೆ. ಬೆಳಗಿನಿಂದ ಸಂಜೆವರೆಗೆ ಇದೇ ನಡೆದು ಕೊನೆಗೂ ದಾಟದೆ ಹುಲ್ಲು ಮೇಯಲು ಹೋಗುವುದುಂಟು. ಆ ಹಿಂಜರಿಕೆಯನ್ನೇ ನೋಡುತ್ತ ಕೂರುವ ತಾಳ್ಮೆ ಇದ್ದವರಿಗೆ ದಾಟದ ದಿನವೂ ತುಂಬಿದ ದಿನವೇ.

ದಾಟುವ ದಿನ ಬಂದರೆ ನಿಮ್ಮ ವಾಹನ ಎಲ್ಲಿ ನಿಂತಿದೆ ಎಂಬುದು ಬಹಳ ಮುಖ್ಯ. ಪ್ರಾಣಿಗಳು ನೀರಿಗಿಳಿಯುವ ಮತ್ತು ಮೇಲೇರುವ ಇಳಿಜಾರುಗಳಿಗೆ ಅಡ್ಡ ನಿಂತರೆ ಅವು ಕಡಿದಾದ, ಅಪಾಯದ ಜಾಗದಲ್ಲಿ ಹತ್ತಲು ಹೋಗಿ ಒಂದರ ಮೇಲೊಂದು ಬೀಳುತ್ತವೆ. ಮುಳುಗಿ ಸಾಯುವುದು ಆ ನದಿಯ ಸಹಜ ವ್ಯವಸ್ಥೆಯ ಭಾಗ ಎಂಬುದೂ ನಿಜ. ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಮಾರಾ ನದಿಯಲ್ಲಿ ಮುಳುಗುತ್ತವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅವುಗಳ ಮಾಂಸವನ್ನು ಮೊಸಳೆ, ಮೀನು, ರಣಹದ್ದುಗಳು ತಿನ್ನುತ್ತವೆ. ಮೂಳೆಗಳು ವರ್ಷಗಳ ಕಾಲ ಕರಗುತ್ತ ನೀರಿಗೆ ರಂಜಕವನ್ನು ಸೇರಿಸುತ್ತವೆ. ಆದರೆ ನಾವು ಅಡ್ಡ ನಿಂತಿದ್ದರಿಂದ ಬಂದ ಸಾವನ್ನು ಆ ಲೆಕ್ಕಕ್ಕೆ ಸೇರಿಸಿ ಸಮಾಧಾನ ಪಡಲಾಗದು. ದಡದಿಂದ ದೂರ ನಿಂತು, ಮೊದಲ ಪ್ರಾಣಿಗಳು ನೀರಿಗಿಳಿದ ಮೇಲಷ್ಟೇ ಮುಂದೆ ಹೋಗುವ ಗೈಡ್ ಸಿಕ್ಕರೆ ಅವರ ಮಾತಿಗೆ ಎದುರಾಡಬೇಡಿ. ದಡದಲ್ಲಿ ವಾಹನದಿಂದ ಇಳಿಯುವಂತಿಲ್ಲ.

ನಕಾಶೆಯಲ್ಲಿ ಮಾರಾ, ಸೆರೆಂಗೆಟಿ ಒಂದಕ್ಕೊಂದು ತಾಗಿಕೊಂಡಿವೆ. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಬಾರದೇ?

ಪ್ರಾಣಿಗಳಿಗೆ ಗಡಿಯಿಲ್ಲ, ನಮಗಿದೆ. ಎರಡರ ನಡುವೆ ನೇರವಾಗಿ ದಾಟುವ ದಾರಿ 1977ರಿಂದ ಪ್ರವಾಸಿಗರಿಗೆ ಮುಚ್ಚಿದೆ. ರಸ್ತೆಯಲ್ಲಿ ಹೋಗುವುದಾದರೆ ಪಶ್ಚಿಮದ ಇಸೆಬಾನಿಯಾ ಗಡಿ ಠಾಣೆಯನ್ನು ಸುತ್ತಿಕೊಂಡು ಹೋಗಬೇಕು. ಕೆನ್ಯಾದ ವಾಹನ, ಗೈಡ್ ಅಲ್ಲಿಗೆ ಮುಗಿದು ತಾಂಜಾನಿಯಾದ ಬೇರೆ ವಾಹನ ಹತ್ತಬೇಕು. ಇಡೀ ಒಂದು ದಿನ ಅದಕ್ಕೇ ಹೋಗುತ್ತದೆ. ವೀಸಾ, ಶುಲ್ಕ ಎಲ್ಲವೂ ಬೇರೆ ಬೇರೆ. ಹತ್ತು ದಿನಕ್ಕಿಂತ ಕಡಿಮೆ ರಜೆ ಇದ್ದವರು ಒಂದೇ ದೇಶವನ್ನು ಆರಿಸಿಕೊಳ್ಳಿ. ಸೆರೆಂಗೆಟಿ ಆರಿಸಿದರೆ ಎನ್‌ಗೊರೊಂಗೊರೊ ಕುಳಿಯನ್ನು ಬಿಡಬೇಡಿ. ಸುಮಾರು 600 ಮೀಟರ್ ಆಳದ, 260 ಚದರ ಕಿಲೋಮೀಟರ್ ತಳವಿರುವ ಆ ಹಳೆಯ ಜ್ವಾಲಾಮುಖಿ ಬಾಯಿಯಲ್ಲಿ ಕಪ್ಪು ಘೇಂಡಾಮೃಗ ಕಾಣುವ ಅವಕಾಶ ಚೆನ್ನಾಗಿದೆ.

ಮಾರಾದಲ್ಲಿ ಎಷ್ಟು ದಿನ ಬೇಕು?

ಮೂರು ರಾತ್ರಿಗಿಂತ ಕಡಿಮೆ ಬೇಡ, ನಾಲ್ಕಾದರೆ ಒಳ್ಳೆಯದು. ಆರು ರಾತ್ರಿಯಲ್ಲಿ ಅಂಬೊಸೆಲಿ, ನಕುರು, ನೈವಾಷಾ, ಮಾರಾ ಎಂದು ನಾಲ್ಕು ಹೆಸರು ಜೋಡಿಸಿದ ಪ್ಯಾಕೇಜುಗಳು ಬಹಳ ಮಾರಾಟವಾಗುತ್ತವೆ. ಅಂಬೊಸೆಲಿಯಿಂದ ನಕುರುವಿಗೆ ಹೋಗುವುದೇ ಒಂದು ದಿನದ ಪ್ರಯಾಣ. ನೈರೋಬಿಯಿಂದ ಮಾರಾಕ್ಕೆ ರಿಫ್ಟ್ ಕಣಿವೆಯ ಅಂಚನ್ನು ಇಳಿದು ನರೋಕ್ ಮೂಲಕ ಐದಾರು ಗಂಟೆ. ಬೆಳಗಿನ ಹೊತ್ತು, ಸಂಜೆಯ ಹೊತ್ತು ಎಂದರೆ ಪ್ರಾಣಿಗಳು ಓಡಾಡುವ ಹೊತ್ತು. ಆ ಹೊತ್ತನ್ನೆಲ್ಲ ಹೆದ್ದಾರಿಯಲ್ಲಿ ಕಳೆದರೆ ಅಷ್ಟು ದೂರ ಹೋಗಿದ್ದೇಕೆ? ಆನೆ ಮತ್ತು ಕಿಲಿಮಂಜಾರೊ ಒಟ್ಟಿಗೆ ಕಾಣಬೇಕೆಂಬ ಆಸೆ ಬಲವಾಗಿದ್ದರೆ ಅಂಬೊಸೆಲಿಯಲ್ಲಿ ಎರಡು ರಾತ್ರಿ ಸೇರಿಸಿ, ಉಳಿದ ಎರಡನ್ನು ಬಿಡಿ.

ಒಂದು ವಾಹನದಲ್ಲಿ ಎಷ್ಟು ಜನ? ಎಂಥ ವಾಹನ ಕೇಳಬೇಕು?

ಮೇಲ್ಛಾವಣಿಯನ್ನು ಎತ್ತಿ ನಿಲ್ಲಬಹುದಾದ ಲ್ಯಾಂಡ್ ಕ್ರೂಸರ್ ಕೇಳಿ. ಅದೇ ಬಗೆಯ ಛಾವಣಿ ಇರುವ ವ್ಯಾನುಗಳು ಅಗ್ಗ. ಒಣ ಕಾಲದಲ್ಲಿ ಅವು ಸಾಕು, ಮಳೆ ಬಂದರೆ ಕಷ್ಟ. ಆರು ಜನರಿಗಿಂತ ಹೆಚ್ಚು ಬೇಡ. ಎಲ್ಲರಿಗೂ ಕಿಟಕಿ ಪಕ್ಕದ ಆಸನ ಸಿಗುತ್ತದೆ ಎಂದು ಲಿಖಿತವಾಗಿ ಪಡೆದುಕೊಳ್ಳಿ. ಏಳನೆಯವರು, ಎಂಟನೆಯವರು ಸೇರಿದರೆ ತಲಾ ಖರ್ಚು ಇಳಿಯುತ್ತದೆ, ಆದರೆ ಛಾವಣಿಯ ಕಿಂಡಿಯಲ್ಲಿ ನಿಲ್ಲಲು ಜಾಗ ಸಾಲದೆ ಮೊದಲ ದಿನವೇ ಮನಸ್ತಾಪ ಶುರುವಾಗುತ್ತದೆ.

ವಾಹನಕ್ಕಿಂತಲೂ ಗೈಡ್ ಮುಖ್ಯ. ಕೆನ್ಯಾದಲ್ಲಿ ಸಫಾರಿ ಗೈಡ್‌ಗಳ ವೃತ್ತಿಪರ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆಯ ಬಿಲ್ಲೆ ಕೊಡುತ್ತದೆ. ಬರುವ ಗೈಡ್‌ಗೆ ಯಾವ ದರ್ಜೆ ಇದೆ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಹಕ್ಕಿ ನೋಡುವವರು, ಛಾಯಾಗ್ರಾಹಕರು ಇದ್ದರೆ ಅದನ್ನೂ ತಿಳಿಸಿ. ಹಕ್ಕಿಗಳ ಬಗ್ಗೆ ಆಸಕ್ತಿಯಿರುವ ಗೈಡ್ ಬೇರೆಯೇ ಕಣ್ಣಿನಿಂದ ಬಯಲನ್ನು ತೋರಿಸುತ್ತಾರೆ. ಮಾರಾದಲ್ಲಿ 450ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ.

ಅಪರಿಚಿತರ ಜೊತೆ ಒಂದೇ ವಾಹನದಲ್ಲಿ ಇಡೀ ದಿನ ಹೊಂದಿಕೊಳ್ಳಲು ಆಗುತ್ತದೆಯೇ?

ಕೆಲವು ವಿಷಯಗಳನ್ನು ಹೊರಡುವ ಮೊದಲೇ ಮಾತಾಡಿಕೊಂಡರೆ ಆಗುತ್ತದೆ. ಪ್ರವಾಸ ಕೆಡುವುದು ಹೆಚ್ಚಾಗಿ ಪ್ರಾಣಿ ಕಾಣಲಿಲ್ಲವೆಂದಲ್ಲ, ಜೊತೆಗಿರುವವರ ಆಸೆಗಳು ಬೇರೆ ಬೇರೆಯಾಗಿದ್ದರಿಂದ. ಒಬ್ಬರಿಗೆ ಮಲಗಿರುವ ಸಿಂಹಿಣಿಯ ಬಳಿ ಒಂದು ಗಂಟೆ ಕಾಯಬೇಕು, ಇನ್ನೊಬ್ಬರಿಗೆ ಒಂದು ಫೋಟೊ ತೆಗೆದು ಮುಂದಿನದಕ್ಕೆ ಓಡಬೇಕು. ಬೆಳಿಗ್ಗೆ ಎಷ್ಟಕ್ಕೆ ಹೊರಡುವುದು, ತಿಂಡಿಯನ್ನು ಕಟ್ಟಿಸಿಕೊಂಡು ಹೋಗುವುದೋ ಮರಳಿ ಬಂದು ತಿನ್ನುವುದೋ, ಒಂದು ಪ್ರಾಣಿಯ ಬಳಿ ಕಾಯಲು ಎಷ್ಟು ಜನ ಒಪ್ಪಬೇಕು, ಆಸನಗಳನ್ನು ದಿನಕ್ಕೊಮ್ಮೆ ಹೇಗೆ ಬದಲಿಸುವುದು, ಇಷ್ಟನ್ನು ಬೆಂಗಳೂರಿನಲ್ಲೇ ಕೂತು ತೀರ್ಮಾನಿಸಿ. ಗೈಡ್ ಜೊತೆ ಮಾತನಾಡಲು ದಿನಕ್ಕೊಬ್ಬರನ್ನು ಗೊತ್ತುಮಾಡಿ. ಆರು ಬಾಯಿಗಳಿಂದ ಆರು ಸೂಚನೆ ಬಂದರೆ ಆ ಮನುಷ್ಯ ಏನು ಮಾಡಬೇಕು?

ನಮ್ಮ ಕಡೆಯ ಗುಂಪುಗಳಿಗೆ ಪ್ರೀತಿಯಿಂದಲೇ ಒಂದು ಮಾತು. ವಾಹನದಲ್ಲಿ ಹಾಡು ಹಾಕುವುದು, ಅಂತ್ಯಾಕ್ಷರಿ ಆಡುವುದು, ಮನೆಗೆ ವಿಡಿಯೊ ಕರೆ ಮಾಡಿ ಸಿಂಹ ತೋರಿಸುವುದು ಬೇಡ. ಎಂಜಿನ್ ನಿಂತ ಮೇಲೆ ಆ ಬಯಲಿನಲ್ಲಿ ಆನೆ ಹುಲ್ಲನ್ನು ಬೇರು ಸಮೇತ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದೂ ಕೇಳುತ್ತದೆ. ಪಕ್ಕದವರು ಪಿಸುಗುಟ್ಟಿದರೂ ಅದು ತಪ್ಪಿಹೋಗುತ್ತದೆ.

ಇನ್ನೂ ಹತ್ತಿರ ಹೋಗೋಣ ಎಂದು ಗೈಡ್‌ಗೆ ಹೇಳಬಹುದೇ?

ದಯವಿಟ್ಟು ಹೇಳಬೇಡಿ. ಮಾರಾದ ನಿಯಮದಂತೆ ಒಂದು ಪ್ರಾಣಿಯ ಸುತ್ತ ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ, 25 ಮೀಟರ್ ಅಂತರ ಬಿಡಬೇಕು, ದಾರಿ ಬಿಟ್ಟು ಹುಲ್ಲಿಗೆ ವಾಹನ ಇಳಿಸಬಾರದು. ಇವು ಮುರಿಯುವುದು ಹೆಚ್ಚಾಗಿ ಪ್ರವಾಸಿಗರ ಒತ್ತಾಯಕ್ಕೆ. ಸಿಕ್ಕಿಬಿದ್ದರೆ ದಂಡ ಬೀಳುವುದು ಗೈಡ್‌ಗೆ. ಹೆಚ್ಚಿನ ಟಿಪ್ಸ್ ಆಸೆ ತೋರಿಸಿ ಇಂಥದ್ದನ್ನು ಮಾಡಿಸುವುದು ಆತನ ಕೆಲಸಕ್ಕೇ ಕುತ್ತು ತಂದಂತೆ.

ಚೀತಾದ ವಿಷಯದಲ್ಲಿ ಇದು ಇನ್ನೂ ಗಂಭೀರ. ಸಿಂಹ, ಚಿರತೆಗಳು ಹೆಚ್ಚಾಗಿ ಇರುಳಿನಲ್ಲಿ ಬೇಟೆಯಾಡುತ್ತವೆ, ಆಗ ಪ್ರವಾಸಿಗರಿರುವುದಿಲ್ಲ. ಚೀತಾ ಬೇಟೆಯಾಡುವುದು ಹೆಚ್ಚಾಗಿ ಹಗಲಿನಲ್ಲಿ, ಅಂದರೆ ನಮ್ಮ ಕಣ್ಣೆದುರಿನಲ್ಲಿ. ತಾಯಿ ಚೀತಾ ಹುತ್ತದ ಮೇಲೆ ಕೂತು ದೂರದ ಗೆಜೆಲ್ ಹಿಂಡನ್ನು ಅಳೆಯುತ್ತಿರುವಾಗ ಎಡಬಲಕ್ಕೆ ವಾಹನಗಳು ಬಂದು ನಿಂತರೆ ಅವಳ ನೋಟಕ್ಕೆ ಅಡ್ಡ, ಓಟಕ್ಕೂ ಅಡ್ಡ. ಒಂದು ಬೇಟೆ ತಪ್ಪಿದರೆ ಮರಿಗಳಿಗೆ ಅಂದು ಉಪವಾಸ. ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಸ್ವತಂತ್ರವಾಗುವವರೆಗೆ ಬೆಳೆಸಿದರೆ, ಪ್ರವಾಸಿಗರು ಕಿಕ್ಕಿರಿದಿರುವ ಕಡೆ ಆ ಸರಾಸರಿ 0.2ಕ್ಕೆ ಇಳಿದಿತ್ತು. ಭಾರತದಲ್ಲಿ ಚೀತಾ ಅಳಿದುಹೋಗಿದೆ ಎಂದು 1952ರಲ್ಲಿ ಘೋಷಿಸಿ, 2022ರಲ್ಲಿ ನಮೀಬಿಯಾದಿಂದ ಕೂನೊಗೆ ತರಿಸಿಕೊಂಡ ದೇಶದವರು ನಾವು. ಆ ಪ್ರಾಣಿಯ ಬೆಲೆ ನಮಗೆ ಗೊತ್ತಿರಬೇಕು.

ಹಾಗಾಗಿ ಗುಂಪಿನ ಪರವಾಗಿ ಮೊದಲ ಬೆಳಿಗ್ಗೆಯೇ ಗೈಡ್‌ಗೆ ಹೀಗೆ ಹೇಳಿ: "ನಮಗೆ ದೂರದಿಂದ ನೋಡಿದರೂ ಸಾಕು. ಜನ ಜಾಸ್ತಿ ಇದ್ದರೆ ಬೇರೆ ಕಡೆ ಹೋಗೋಣ." ಹಾಗೆ ಹೇಳಿಸಿಕೊಂಡ ಗೈಡ್‌ಗಳ ಮುಖ ಅರಳುವುದನ್ನು ನಾವು ಕಂಡಿದ್ದೇವೆ. ರೇಡಿಯೊದಲ್ಲಿ ಬಂದ ಸುದ್ದಿಗೆಲ್ಲ ಓಡುವ ಒತ್ತಡ ಅವರಿಗೆ ಆಗ ತಪ್ಪುತ್ತದೆ.

ತೆರೆದ ಛಾವಣಿಯ ವಾಹನಕ್ಕೆ ಸಿಂಹ ಹಾರುವುದಿಲ್ಲವೇ?

ಮಾರಾದ ಸಿಂಹಗಳು ಮರಿಗಳಾಗಿದ್ದಾಗಿನಿಂದ ವಾಹನಗಳನ್ನು ನೋಡುತ್ತ ಬೆಳೆದಿರುತ್ತವೆ. ಅವುಗಳ ಪಾಲಿಗೆ ವಾಹನ ತಿನ್ನುವ ವಸ್ತುವೂ ಅಲ್ಲ, ಹೆದರುವ ವಸ್ತುವೂ ಅಲ್ಲ. ಬಿಸಿಲೇರಿದಾಗ ನೆರಳಿಗಾಗಿ ಚಕ್ರದ ಪಕ್ಕವೇ ಬಂದು ಮಲಗುವುದುಂಟು. ನೀವು ಇಳಿದರೆ, ಕೈ ಹೊರಚಾಚಿದರೆ, ಛಾವಣಿಯ ಮೇಲೆ ಹತ್ತಿ ಕೂತರೆ ಮಾತ್ರ ಮನುಷ್ಯನ ಆಕಾರ ಬೇರೆಯಾಗಿ ಕಾಣುತ್ತದೆ, ಅಪಾಯವೂ ಅಲ್ಲಿಂದಲೇ ಶುರು.

ನಿಜವಾಗಿ ಎಚ್ಚರ ಬೇಕಾದುದು ಕ್ಯಾಂಪಿನಲ್ಲಿ. ಹೆಚ್ಚಿನ ಕ್ಯಾಂಪುಗಳಿಗೆ ಬೇಲಿ ಇರುವುದಿಲ್ಲ. ನೀರಾನೆಗಳು ರಾತ್ರಿ ನದಿಯಿಂದ ಮೇಲೆ ಬಂದು ಡೇರೆಗಳ ನಡುವೆ ಮೇಯುತ್ತವೆ, ಕಾಡೆಮ್ಮೆಗಳೂ ಬರುತ್ತವೆ. ಕತ್ತಲಾದ ಮೇಲೆ ಊಟದ ಮನೆಗೆ ಹೋಗಬೇಕಾದರೆ ಟಾರ್ಚ್ ತೋರಿಸಿ ಕಾವಲುಗಾರರನ್ನು ಕರೆಯಿರಿ. ಹತ್ತೇ ಹೆಜ್ಜೆ ಎಂದು ಒಬ್ಬರೇ ಹೊರಡಬೇಡಿ. ಹಗಲಿನಲ್ಲಿ ಡೇರೆಯ ಜಿಪ್ ಪೂರ್ತಿ ಎಳೆದಿರಲಿ, ಬಬೂನುಗಳು ಒಳನುಗ್ಗಿ ಚಕ್ಕುಲಿ, ಕೋಡುಬಳೆಯ ಪೊಟ್ಟಣವನ್ನೇ ಹೊತ್ತೊಯ್ಯುತ್ತವೆ.

'ಬಿಗ್ ಫೈವ್' ಎಲ್ಲವೂ ಕಾಣುತ್ತವೆಯೇ?

ಸಿಂಹ, ಆನೆ, ಕಾಡೆಮ್ಮೆ ಕಾಣುವುದು ಹೆಚ್ಚುಕಡಿಮೆ ಖಚಿತ. ನದಿತೊರೆಗಳ ಬದಿಯ ಮರಗಳಲ್ಲಿ ಚಿರತೆಯನ್ನು ಹುಡುಕಬೇಕು. ಮಾರಾದಲ್ಲಿ ಕಪ್ಪು ಘೇಂಡಾಮೃಗಗಳು ಬಹಳ ಕಡಿಮೆ. ಆದರೆ ಈ ಐದರ ಪಟ್ಟಿ ಹುಟ್ಟಿದ್ದು ಕಾಲ್ನಡಿಗೆಯ ಬೇಟೆಗಾರರಿಗೆ ಯಾವುವು ಅಪಾಯಕಾರಿ ಎಂಬ ಲೆಕ್ಕದಲ್ಲಿ. ಕೆನ್ಯಾ ಬೇಟೆಯನ್ನು 1977ರಲ್ಲೇ ನಿಷೇಧಿಸಿತು. ಬೇಟೆಗಾರರ ಪಟ್ಟಿಗೆ ನಾವು ಟಿಕ್ ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಹಾವನ್ನು ಕಾಲಿನಿಂದ ಹೊಡೆದು ಕೊಲ್ಲುವ ಸೆಕ್ರೆಟರಿ ಹಕ್ಕಿ, ಬಾಲವನ್ನು ನೆಟ್ಟಗೆ ಎತ್ತಿ ಮರಿಗಳ ಸಾಲಿನೊಂದಿಗೆ ಓಡುವ ಕಾಡುಹಂದಿ, ಬಿಲದ ಬಾಯಲ್ಲಿ ಮರಿಗೆ ಹಾಲೂಡಿಸುವ ಕತ್ತೆಕಿರುಬ ಇವೆಲ್ಲ ಆ ಪಟ್ಟಿಯಲ್ಲಿಲ್ಲ. ಕತ್ತೆಕಿರುಬ ಎಂದರೆ ಸತ್ತದ್ದನ್ನು ತಿನ್ನುವ ಪ್ರಾಣಿ ಎಂಬ ತಿಳಿವಳಿಕೆಯನ್ನು ಊರಲ್ಲೇ ಬಿಟ್ಟು ಬನ್ನಿ. ಈ ಬಯಲಿನ ಚುಕ್ಕೆ ಕತ್ತೆಕಿರುಬಗಳು ತಮ್ಮ ಆಹಾರದ ಬಹುಪಾಲನ್ನು ತಾವೇ ಬೇಟೆಯಾಡುತ್ತವೆ, ಅವುಗಳ ಬೇಟೆಯನ್ನು ಕಸಿಯುವುದು ಎಷ್ಟೋ ಸಲ ಸಿಂಹ.

ರೇಡಿಯೊದಲ್ಲಿ ಗೈಡ್‌ಗಳು ಸ್ವಾಹಿಲಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಸಿಂಬಾ ಎಂದರೆ ಸಿಂಹ, ಚುಯಿ ಚಿರತೆ, ದುಮಾ ಚೀತಾ, ಟೆಂಬೊ ಆನೆ, ಟ್ವಿಗಾ ಜಿರಾಫೆ, ಕಿಫಾರು ಘೇಂಡಾಮೃಗ. ಮಕ್ಕಳು ಇವನ್ನು ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ.

ಖರ್ಚಿನಲ್ಲಿ ಯಾವುದನ್ನು ಗಮನಿಸಬೇಕು?

ಪ್ರವೇಶ ಶುಲ್ಕವನ್ನು. 2024ರಿಂದ ಮಾರಾದಲ್ಲಿ ವಿದೇಶಿ ವಯಸ್ಕರಿಗೆ ದಿನವೊಂದಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಮೂರು ದಿನಕ್ಕೆ ಒಬ್ಬರಿಗೆ 600 ಡಾಲರ್ ಬರೀ ಶುಲ್ಕಕ್ಕೇ ಆಗಬಹುದು. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಮೀಸಲು ಪ್ರದೇಶದೊಳಗೆ ಉಳಿದವರು ಹೊರಡುವ ದಿನ ತಡವಾಗಿ ಗೇಟು ದಾಟಿದರೆ ಮತ್ತೊಂದು ದಿನದ ಶುಲ್ಕ ಬೀಳುತ್ತದೆ. ಹಾಗಾಗಿ ಕೊನೆಯ ಬೆಳಗಿನ ವೇಳಾಪಟ್ಟಿಯನ್ನು ಮೊದಲೇ ಕೇಳಿಕೊಳ್ಳಿ. ಪ್ಯಾಕೇಜಿನ ಬೆಲೆ ಬಹಳ ಅಗ್ಗವಾಗಿ ಕಂಡರೆ ಈ ಶುಲ್ಕ ಸೇರಿದೆಯೇ ಇಲ್ಲವೇ ಎಂದು ನೋಡಿ. ದರಗಳು ಬದಲಾಗುತ್ತವೆ, ಬುಕ್ ಮಾಡುವ ಮೊದಲು ಮತ್ತೊಮ್ಮೆ ವಿಚಾರಿಸಿ.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಮಾರಾದ ಸುತ್ತಲಿನ ಸಂರಕ್ಷಿತ ಖಾಸಗಿ ಬಯಲುಗಳಾದ ನಬೊಯಿಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಒಳ್ಳೆಯ ಆಯ್ಕೆ. ಅಲ್ಲಿನ ದನಗಾಹಿ ಜನರಾದ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ಪ್ರತಿ ತಿಂಗಳೂ ಬಾಡಿಗೆ ಪಡೆಯುತ್ತವೆ. ವಾಹನಗಳ ಸಂಖ್ಯೆಗೆ ಮಿತಿ ಇದೆ. ಕಾಲ್ನಡಿಗೆ ಮತ್ತು ರಾತ್ರಿ ಸಫಾರಿಗೆ ಅಲ್ಲಿ ಅವಕಾಶವಿದೆ.

ವಿಮಾನ, ವೀಸಾ, ಲಸಿಕೆ?

ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. ಬೆಂಗಳೂರಿನವರು ಮುಂಬೈ, ಆಡಿಸ್ ಅಬಾಬಾ ಅಥವಾ ಕೊಲ್ಲಿ ದೇಶಗಳ ಮೂಲಕ ಹೋಗುತ್ತಾರೆ. ಕೆನ್ಯಾ 2024ರ ಜನವರಿಯಿಂದ ವೀಸಾ ಕೈಬಿಟ್ಟು ಆನ್‌ಲೈನ್ ಪ್ರಯಾಣ ಅನುಮತಿಯನ್ನು ತಂದಿದೆ. ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ, ನಡುವಿನ ಜಾಲತಾಣಗಳು ಹೆಚ್ಚು ಹಣ ಕೇಳುತ್ತವೆ. ಮಕ್ಕಳಿಗೂ ಪ್ರತ್ಯೇಕ ಅರ್ಜಿ ಬೇಕು.

ಹಳದಿ ಜ್ವರದ ಲಸಿಕೆಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಡಿ. ಪ್ರಮಾಣಪತ್ರವಿಲ್ಲದೆ ಕೆನ್ಯಾದಿಂದ ಭಾರತಕ್ಕೆ ಮರಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಲಸಿಕೆ ಸಿಗುತ್ತದೆ, ನಿಗದಿತ ದಿನಗಳಲ್ಲಷ್ಟೇ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಪಡೆದರೆ ಜೀವನಪರ್ಯಂತ ಸಾಕು. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ವೈದ್ಯರನ್ನು ಕಂಡೇ ಮುಂದುವರಿಯಿರಿ.

ಮಲೇರಿಯಾ ಭಯವಿದೆಯೇ?

ಇದೆ. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಎತ್ತರದಲ್ಲಿದ್ದರೂ ಮಲೇರಿಯಾ ಇಲ್ಲದ ಪ್ರದೇಶವಲ್ಲ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆ. ಮುನ್ನೆಚ್ಚರಿಕೆಯ ಮಾತ್ರೆ ಯಾವುದು, ಎಷ್ಟು ದಿನ ಎಂದು ವೈದ್ಯರು ಹೇಳಲಿ. ಮರಳಿದ ಮೇಲೂ ಕೆಲವು ದಿನ ಅದನ್ನು ನುಂಗಬೇಕಾಗುತ್ತದೆ, ಊರಿಗೆ ಬಂದೆವೆಂದು ನಿಲ್ಲಿಸಬೇಡಿ. ಸಂಜೆ ತುಂಬು ತೋಳಿನ ಅಂಗಿ, ಸೊಳ್ಳೆ ಮುಲಾಮು ಇರಲಿ.

ಸಸ್ಯಾಹಾರಿಗಳಿಗೆ ಊಟದ ತೊಂದರೆಯಾಗುತ್ತದೆಯೇ?

ಬಹುಶಃ ನೀವು ಅತ್ಯಂತ ಕಡಿಮೆ ಚಿಂತಿಸಬೇಕಾದ ವಿಷಯ ಇದು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದಿದ್ದರು. ಹಿಂದೆಯೇ ಗುಜರಾತಿ ವರ್ತಕರೂ ಹೋದರು. ಚಪಾತಿ, ಚಾಯ್, ಸಮೋಸ ಈಗ ಕೆನ್ಯಾದವರದ್ದೇ ಊಟ ತಿಂಡಿ. ಏಷ್ಯಾ ಮೂಲದವರನ್ನು ಅಲ್ಲಿನ ಸರ್ಕಾರ 2017ರಲ್ಲಿ ದೇಶದ 44ನೆಯ ಬುಡಕಟ್ಟು ಎಂದು ಗುರುತಿಸಿತು. ಕ್ಯಾಂಪುಗಳಲ್ಲಿ ಬೇಳೆ, ಅನ್ನ, ಪಲ್ಯ ಸಾಮಾನ್ಯ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಉಗಾಲಿ ನಮ್ಮ ರಾಗಿಮುದ್ದೆಯಂತೆಯೇ ತಿರುವಿ ಮಾಡಿದ ಮೆಕ್ಕೆಜೋಳದ ಮುದ್ದೆ. ಅದರ ಜೊತೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ ಗಿಥೇರಿ ಕೇಳಿ ತಿನ್ನಿ. ಕಟ್ಟಿಕೊಡುವ ಊಟದ ಡಬ್ಬಿಯಲ್ಲಿ ಮೊಟ್ಟೆ, ಕೋಳಿ ಇರುವುದು ವಾಡಿಕೆಯಾದ್ದರಿಂದ ಹಿಂದಿನ ರಾತ್ರಿಯೇ ಹೇಳಿಡಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಬುಕ್ ಮಾಡುವಾಗಲೇ ಬರೆದು ತಿಳಿಸಿ.

ಬಟ್ಟೆಬರೆ, ಚೀಲ?

ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ಹೋದವರು ಬೆಳಗಿನ ಜಾವ ನಡುಗುತ್ತಾರೆ. ಜುಲೈ, ಆಗಸ್ಟಿನಲ್ಲಿ ಮುಂಜಾನೆ ಮಡಿಕೇರಿಯ ಡಿಸೆಂಬರ್ ಚಳಿ ಇರುತ್ತದೆ, ಮೇಲೆ ತೆರೆದ ಛಾವಣಿಯ ಗಾಳಿ. ಜಾಕೆಟ್, ಕಿವಿ ಮುಚ್ಚುವ ಟೋಪಿ, ದೂಳಿಗೆ ಒಂದು ತೆಳುವಾದ ಶಾಲು ಬೇಕು. ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು. ಕಡುನೀಲಿ ಮತ್ತು ಕಪ್ಪು ಬಣ್ಣಗಳು ರಕ್ತ ಹೀರುವ ತ್ಸೆತ್ಸೆ ನೊಣಗಳನ್ನು ಸೆಳೆಯುತ್ತವೆ, ಸೆರೆಂಗೆಟಿಗೆ ಹೋಗುವವರಂತೂ ಬಿಡಲೇಬೇಕು. ಸೈನಿಕರ ಸಮವಸ್ತ್ರದ ಮಾದರಿಯ ಬಟ್ಟೆ ಬೇಡ. ಡ್ರೋನ್ ಒಯ್ಯಬೇಡಿ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮಾರಾಕ್ಕೆ ಹಾರುವವರಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆತ್ತನೆಯ ಚೀಲದಲ್ಲಿ. ಕೆನ್ಯಾ 2017ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದೆ. ಮನೆಯ ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟದೆ ಡಬ್ಬಿಗೆ ಹಾಕಿ.

ದೊಡ್ಡ ಕ್ಯಾಮರಾ ಇಲ್ಲದಿದ್ದರೆ ಪ್ರಯೋಜನವಿಲ್ಲವೇ?

ಒಳ್ಳೆಯ ದುರ್ಬೀನು ಇರಲಿ, 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿಮೀ ಮಸೂರದ್ದು) ಆದರೆ ಸಾಕು. ಆರು ಜನರ ನಡುವೆ ಒಂದೇ ದುರ್ಬೀನು ಸಾಲದು, ತಲೆಗೊಂದು ಬೇಕು. ಕ್ಯಾಮರಾ ಒಯ್ಯುವವರು 100–400 ಮಿಮೀ ಲೆನ್ಸ್, ಅದಕ್ಕೆ ಆಸರೆಯಾಗಿ ಕಿಟಕಿಯ ಮೇಲಿಡಲು ಖಾಲಿ ಬಟ್ಟೆಚೀಲ ಒಯ್ದು ಅಲ್ಲೇ ಕಾಳು ತುಂಬಿಸಿಕೊಳ್ಳಿ. ದೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಪ್ಲಗ್ ಮೂರು ಚಚ್ಚೌಕ ಕಡ್ಡಿಯದ್ದು, ಅಡಾಪ್ಟರ್ ಬೇಕು.

ನಡುವೆ ಶೌಚಕ್ಕೆ ಹೋಗಬೇಕಾದರೆ?

ಸಂಕೋಚಪಟ್ಟು ನೀರು ಕುಡಿಯದೆ ಕೂರುವ ಮಹಿಳೆಯರನ್ನು ಪ್ರತಿ ಗುಂಪಿನಲ್ಲೂ ನೋಡುತ್ತೇವೆ, ಆ ಬಿಸಿಲಿಗೆ ಅದು ಒಳ್ಳೆಯದಲ್ಲ. ಗೇಟು, ವಿಮಾನದ ಮೈದಾನಗಳಲ್ಲಿ ಶೌಚಾಲಯಗಳಿವೆ. ಉಳಿದ ಕಡೆ ಗೈಡ್‌ಗೆ ಹೇಳಿದರೆ ಸುತ್ತ ನೋಡಿ ಸುರಕ್ಷಿತವಾದ ಬಯಲಿನಲ್ಲಿ ನಿಲ್ಲಿಸುತ್ತಾರೆ, ವಾಹನದ ಹಿಂಬದಿಯೇ ಮರೆ. ಪೊದೆಯ ಹಿಂದೆ ಹೋಗಬೇಡಿ. ಬಳಸಿದ ಕಾಗದವನ್ನು ಚೀಲಕ್ಕೆ ಹಾಕಿ ಹಿಂದಕ್ಕೆ ತನ್ನಿ.

ಹಿರಿಯರನ್ನು, ಮಕ್ಕಳನ್ನು ಕರೆದೊಯ್ಯಬಹುದೇ?

ಹಿರಿಯರಿಗೆ ನಡಿಗೆ ಹೆಚ್ಚಿಲ್ಲ, ಆದರೆ ರಸ್ತೆಯ ಕುಲುಕಾಟ ಬೆನ್ನಿಗೆ ಕಷ್ಟ. ಬೆನ್ನುನೋವು ಇರುವವರು ನೈರೋಬಿಯಿಂದ ವಿಮಾನದಲ್ಲೇ ಹೋಗುವುದು ಲೇಸು, ವಾಹನದಲ್ಲಿ ಹಿಂದಿನ ಆಸನ ಬೇಡ. ಆರೇಳು ವರ್ಷ ದಾಟಿದ ಮಕ್ಕಳು ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ಕೆಲವು ಕ್ಯಾಂಪುಗಳು ವಯಸ್ಸಿನ ಮಿತಿ ಇಡುತ್ತವೆ, ಕೇಳಿ ನೋಡಿ.

ಮಸಾಯಿ ಹಳ್ಳಿಗೆ ಹೋಗಬೇಕೇ?

ಹೋಗುವುದಾದರೆ ಅತಿಥಿಗಳಂತೆ ಹೋಗಿ. ಸಗಣಿ, ಮಣ್ಣು ಮೆತ್ತಿ ಆ ಮನೆಗಳನ್ನು ಕಟ್ಟುವವರು ಹೆಂಗಸರು. ಒಳಗೆ ಬಗ್ಗಿ ಹೋಗಿ ಒಲೆಯ ಪಕ್ಕ ಕೂತು ಮಾತಾಡಿ, ದನಗಳ ಬಗ್ಗೆ ಕೇಳಿ. ಹಟ್ಟಿ, ಕರು, ಹಾಲು ಎಂದರೆ ನಮ್ಮವರಿಗೂ ಅವರಿಗೂ ಮಾತು ತಾನಾಗಿ ಬೆಳೆಯುತ್ತದೆ. ಕೇಳದೆ ಫೋಟೊ ತೆಗೆಯಬೇಡಿ, ಮಕ್ಕಳಿಗೆ ಚಾಕಲೇಟು ಹಂಚಬೇಡಿ. ಪ್ರವೇಶಕ್ಕೆ ಕೊಡುವ ಹಣ ಎಷ್ಟು, ಅದು ಹಳ್ಳಿಗೆ ಸೇರುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಮಣಿಸರ ಕೊಳ್ಳುವಾಗ ಅದನ್ನು ಪೋಣಿಸಿದವರ ಕೈಗೇ ಹಣ ಕೊಡಿ.

ಬಿಸಿಗಾಳಿ ಬಲೂನು, ಟಿಪ್ಸ್, ಹಣ?

ಬಲೂನಿಗೆ ಸುಮಾರು 450ರಿಂದ 500 ಡಾಲರ್, ಒಂದು ಗಂಟೆಯ ಹಾರಾಟ. ಅಷ್ಟು ಹಣ ಇದ್ದರೆ ಮಾರಾದಲ್ಲಿ ಇನ್ನೊಂದು ದಿನ ಉಳಿಯಿರಿ ಎನ್ನುತ್ತೇವೆ. ಗೈಡ್‌ಗೆ ತಲೆಗೆ ದಿನಕ್ಕೆ 10 ಡಾಲರ್ ಆಸುಪಾಸು ಕೊಡುವುದು ವಾಡಿಕೆ. ಗುಂಪಿನವರೆಲ್ಲ ಸೇರಿಸಿ ಲಕೋಟೆಯಲ್ಲಿಟ್ಟು ಕೊನೆಯ ದಿನ ಒಬ್ಬರೇ ಕೊಡಿ. ಕ್ಯಾಂಪಿನ ಸಿಬ್ಬಂದಿಗೆ ಬೇರೆ ಪೆಟ್ಟಿಗೆ ಇರುತ್ತದೆ. ಬಹಳ ಹಳೆಯ, ಹರಿದ ಡಾಲರ್ ನೋಟುಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಊರಿಗೆ ಮರಳಿದ ಮೇಲೆ ಜ್ವರ ಬಂದರೆ?

ವಾರವಾಗಲಿ, ಎರಡು ತಿಂಗಳಾಗಲಿ, ಜ್ವರ ಕಂಡ ದಿನವೇ ವೈದ್ಯರ ಬಳಿ ಹೋಗಿ, ಪೂರ್ವ ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಮಾತ್ರೆ ನುಂಗಿದ್ದರೂ ಮಲೇರಿಯಾಕ್ಕೆ ರಕ್ತಪರೀಕ್ಷೆ ಕೇಳಿ, ಮೊದಲ ಪರೀಕ್ಷೆಯಲ್ಲಿ ಕಾಣದೆ ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ಜೊತೆಗೆ ಬಂದವರ ವಾಟ್ಸ್‌ಆ್ಯಪ್ ಗುಂಪಿಗೂ ತಿಳಿಸಿ.